ಬಾಣಂತಿ ಖಣಿಯ ಹೆಸರು

ಕಲ್ಲು ಕೊಯ್ಯುವ ಯಂತ್ರದಿಂದ ಹರಿಯುವ ಬೂದು ನೀರಿನ ವಾಸನೆ ಮೊನ್ನೆ ಶಹಾಬಾದಿನ ಹೊರಗೆ ಮೂಗಿಗೆ ಬಡಿಯಿತು. ಹಸಿ ಕಲ್ಲು, ಸುಟ್ಟ ಕಬ್ಬಿಣ... ಅದರ ಹಿಂದೆಯೇ, ಹಿಂದೊಮ್ಮೆ ನನ್ನ ಪಕ್ಕದ ಮನೆಯಲ್ಲಿದ್ದ ಮುದುಕಿ ಆಯಿ ನೆನಪಿಗೆ ಬಂದಳು. ಹಸಿರು ಸೀರೆಯಲ್ಲಿ ಬಂದಳು ಎಂದು ಬರೆಯಲು ಹೊರಟಿದ್ದೆ. ಸೀರೆಯ ಬಣ್ಣ ನನಗೆ ಗೊತ್ತಿಲ್ಲ. ಚೆಂದ ಕಾಣಲಿ ಎಂದು ಬಣ್ಣ ಹಚ್ಚುವ ಈ ಚಟವೇ ಆಕೆಗೆ ದ್ರೋಹ ಮಾಡಿದ್ದು.

ಭಂಕೂರಿನ ಆಚೆಗಿನ ಊರೊಂದರಲ್ಲಿ ನಾನು ಶಾಲೆಯ ಮಾಸ್ತರನಾಗಿದ್ದೆ. ಊರ ಪಕ್ಕದ ಕಲ್ಲುಗಣಿಗೆ ಬಾಣಂತಿ ಖಣಿ ಎಂದು ಹೆಸರು. ಎಷ್ಟು ಬಡಿದರೂ ಸೀಳದ ಬಂಡೆಗೆ ಬಾಣಂತಿಯೊಬ್ಬಳು ಎದೆಹಾಲೆರೆದಳಂತೆ. ಬಂಡೆ ಪದರಪದರವಾಗಿ ಎದ್ದಿತಂತೆ, ಆಕೆ ಅದರೊಳಗೆ ಲೀನವಾದಳಂತೆ. ಹೊಸ ಪದರ ತೆಗೆಯುವ ಮುನ್ನ ಎಳೆಗೂಸಿನ ತಾಯಿಯೊಬ್ಬಳ ಕೈಯಿಂದ ಬಂಡೆಗೆ ಹಾಲು ಹಾಕಿಸುತ್ತಿದ್ದರು. ಬಳಿಕ ಆಯಿಗೆ ಸೀರೆ ಕೊಟ್ಟು ಉಡಿ ತುಂಬುತ್ತಿದ್ದರು, ಆ ಬಾಣಂತಿಯ ಮಗಳು ಅವಳೇ ಎಂದು. ಕಥೆಗೆ ಸಾವಿರ ವರ್ಷವಾದಂತೆ ಮಂದಿ ಹೇಳುತ್ತಿದ್ದರು. ಅದರೊಳಗಿನ ಕೂಸು ನನ್ನ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಿತ್ತು.

ಶಾಲೆಯ ಗೋಡೆಗೆ ಊರಿನ ಇತಿಹಾಸ ಬರೆಸುವ ಕೆಲಸ ನನಗೆ ಬಂತು. ಆಯಿ ಹಿಟ್ಟಿನ ಕೈಯಲ್ಲೇ ಬಂದು ಕುಳಿತಳು.

"ಬರಕೋರಿ ಮಾಸ್ತರ್ರೆ. ನಮ್ಮವ್ವ ಹಾಲೂ ಹಾಕಿಲ್ಲ, ದೇವರೂ ಆಗಿಲ್ಲ. ನಾ ಹುಟ್ಟಿ ಹನ್ನೊಂದ ದಿನ ಆಗಿತ್ತು. ಕೆಲಸಕ್ಕ ಬರಲಿಲ್ಲಂದ್ರ ಗುಡಸಲ ಖಾಲಿ ಮಾಡ್ರಿ ಅಂದ ಮಾಲಕ. ಹೋದ್ಲು. ಮ್ಯಾಲಿನ ಕಲ್ಲು ಜಾರಿ ಬಿತ್ತು. ನಮ್ಮಪ್ಪ ಕಣ್ಣಾರ ನೋಡ್ಯಾನ. ಹೆಣ ತೆಗೀಲಿಲ್ಲ, ಮ್ಯಾಲ ಗುಡಿ ಕಟ್ಟಿದ್ರು."

"ಮತ್ತ ಅವರ ಸೀರಿ ಯಾಕ ತಗೋತಿ, ಆಯಿ?" ಎಂದು ಕೆಣಕಿದೆ.

"ಹೆಣಾ ಕೊಡಲಿಲ್ಲ, ಸೀರಿನರ ಕೊಡ್ಲಿ ಭಾಡ್ಯಾಗೋಳು."

ಎಲ್ಲವನ್ನೂ ಬರೆದುಕೊಂಡೆ. ಗೋಡೆಗೆ ಬರೆಸಿದ್ದು ಮಾತ್ರ ಹಾಲಿನ ಕಥೆ. ಯಾರೂ ನನ್ನನ್ನು ಬೆದರಿಸಲಿಲ್ಲ. ಆ ಕಥೆ ಚೆನ್ನಾಗಿತ್ತು, ಅಷ್ಟೇ.

ಓದು ಬಾರದ ಆಯಿ ಗೋಡೆಯ ಮುಂದೆ ನಿಂತು, "ಓದ್ರಿ" ಎಂದಳು. ಹಾಲಿನ ಸಾಲುಗಳ ಮೇಲೆ ಬೆರಳಾಡಿಸುತ್ತ ಆಕೆ ಹೇಳಿದ್ದನ್ನೇ ಒಪ್ಪಿಸಿದೆ. ಹನ್ನೊಂದು ದಿನ, ಗುಡಿಸಲು, ಜಾರಿದ ಕಲ್ಲು. ಆಕೆ ಅತ್ತಳು ಎನ್ನುತ್ತದೆ ನೆನಪು... ನಾನು ನಂಬುವುದಿಲ್ಲ. ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿದ್ದು ಮಾತ್ರ ನಿಜ.

ವಾರದೊಳಗೆ ಆಕೆಯ ಮೊಮ್ಮಗಳು ಗೋಡೆಯ ಮೇಲಿದ್ದುದನ್ನು ಇದ್ದ ಹಾಗೆ ಓದಿ ಹೇಳಿದಳು. ಆಯಿ ನನ್ನ ಹೊಸ್ತಿಲಿನ ಆಚೆಯೇ ನಿಂತಳು.

"ಭಾಳ ಶಾಣ್ಯಾ ಇದ್ದೀರಿ ಮಾಸ್ತರ್ರೆ. ಮಾಲಕ ಕಲ್ಲು ಹಾಕಿ ಮುಚ್ಚಿದ. ನೀವು ಹಾಲು ಹಾಕಿ ಮುಚ್ಚಿದ್ರಿ."

ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಗೋಡೆ ಅಳಿಸಲು ನಾನೂ ಹೋಗಲಿಲ್ಲ. ನನಗೆ ವರ್ಗವಾಯಿತು, ಆಕೆ ಸತ್ತಳು.

ಮೊನ್ನೆ ಆ ಶಾಲೆಗೇ ಹೊರಟಿದ್ದೆ. ಹೋಗಿ ನೋಡಿದರೆ ನನ್ನ ಸಾಲುಗಳನ್ನು ಈಗ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಇದು ಸುಳ್ಳು, ಬರೆದವನು ನಾನೇ ಎಂದೆ. ಹೊಸ ಟೀಚರ್ ನಕ್ಕರು: "ಇರ್ಲಿ ಬಿಡ್ರಿ ಸರ್, ಎಷ್ಟ ಛಂದ ಅದ." ಮಕ್ಕಳಿಗೆ ನಿಜ ಹೇಳುತ್ತೇನೆಂದು ಹಟ ಹಿಡಿದೆ. ಒಪ್ಪಿದರು. ಆ ಬಾಣಂತಿಗೂ ಒಂದು ಹೆಸರಿತ್ತು. ಆಯಿ ಅಂದು ಎರಡು ಸಲ ಹೇಳಿ ಬರೆಸಿದ್ದಳು; ಆ ಹಾಳೆ ಎಂದೋ ಕಳೆದುಹೋಗಿತ್ತು. ಆ ಹೆಸರಿನಿಂದಲೇ ಶುರುಮಾಡಬೇಕೆಂದು ಬಾಯಿ ತೆರೆದೆ.

ಹೆಸರು ನೆನಪಿಗೆ ಬರಲಿಲ್ಲ. ಮಕ್ಕಳು ನನ್ನ ಬಾಯನ್ನೇ ನೋಡುತ್ತ ಕುಳಿತಿದ್ದರು.