ಫೆಹಿಮೆ ಇಳಿಸಿದ ಶರಬತ್ತು

ತುರ್ಕಿಯ ಉರ್ಫಾ ಊರಿನಲ್ಲಿ ಜ್ಯೇಷ್ಠಮಧುವಿನ ಶರಬತ್ತು ಅಂದರೆ ಜನ ಬೋಜಾನನ ಹೆಸರು ಹೇಳುತ್ತಿದ್ದರು. ಬೆನ್ನಿಗೆ ಹಿತ್ತಾಳೆಯ ಕೊಡ ಬಿಗಿದು ಬೀದಿ ಸುತ್ತುತ್ತಿದ್ದವನು ಅವನು. ಶರಬತ್ತು ಇಳಿಸುತ್ತಿದ್ದವಳು ಅವನ ಹೆಂಡತಿ ಫೆಹಿಮೆ. ಜಜ್ಜಿದ ಬೇರಿನ ನಾರಿಗೆ ನೀರು ಚಿಮುಕಿಸಿ ನಾದಬೇಕು, ಬಟ್ಟೆಯಲ್ಲಿ ಕಟ್ಟಿ ಮೇಲಿಂದ ತಣ್ಣೀರು ಬಿಡಬೇಕು. ಮೊದಮೊದಲು ಇಳಿಯುವ ನೀರು ಸಿಹಿ, ಆಮೇಲಿನದು ಕಹಿ. ಎಲ್ಲಿ ನಿಲ್ಲಿಸಬೇಕೆಂಬುದು ಅವಳ ನಾಲಿಗೆಗೆ ಗೊತ್ತಿತ್ತು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಕಲಿಸಿದ ಕೆಲಸ ಅದು.

ಬೋಜಾನನಿಗೆ ಹೊಟ್ಟೆಯಲ್ಲಿ ಹುಣ್ಣಿತ್ತು. ಉರಿ ಎದ್ದಾಗ ಅವಳು ಶರಬತ್ತು ಕುಡಿಸಿದಳು, ಉರಿ ಇಳಿಯಿತು. ಒಳಗಿನ ಉರಿಯೂತ ತಗ್ಗಿಸುವ ಗುಣ ಆ ಬೇರಿಗೆ ನಿಜಕ್ಕೂ ಇದೆ. ಅಂದಿನಿಂದ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಹೀಗೆ ಮೂರು ವರ್ಷ. ಕಾಲು ಊದಿಕೊಂಡಾಗ, ದಿನವಿಡೀ ನಡೆಯುವವನಲ್ಲವೇ ಅಂದುಕೊಂಡಳು. ಕೈಕಾಲಿನ ಬಲ ಸೋತಾಗ ಇನ್ನೊಂದು ಲೋಟ ಕೊಟ್ಟಳು. ಹೋದ ವರ್ಷ ರಂಜಾನಿಗೆ ಹತ್ತು ದಿನವಿರುವಾಗ ಎದೆಬಡಿತ ತಪ್ಪಿ ಅವನು ತೀರಿಕೊಂಡ.

ಆಸ್ಪತ್ರೆಯ ಡಾಕ್ಟರಮ್ಮ ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು, ಶರಬತ್ತು ಎಷ್ಟು ಕುಡಿಯುತ್ತಿದ್ದರು ಎಂದು ಕೇಳಿದ್ದಳು. ಹುಣ್ಣಿಗೆ ತಂಪು ಕೊಡುವ ಸತ್ವವೇ ದಿನದಿನವೂ ಹೆಚ್ಚಾದರೆ ರಕ್ತದೊತ್ತಡ ಏರಿಸುತ್ತದೆ, ಎದೆಗೆ ಬೇಕಾದ ಲವಣವನ್ನು ಮೈಯಿಂದ ಹೊರಗೆ ಹಾಕುತ್ತದೆ ಎಂದಿದ್ದಳು. "ಅದರಿಂದಲೇ ಹೋದ್ರು ಅಂತ ಹೇಳೋಕಾಗಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲಮ್ಮ."

ಫೆಹಿಮೆ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಅಳಲೂ ಇಲ್ಲ. ಐದು ಹೊತ್ತಿನ ನಮಾಜು ತಪ್ಪಿಸಲಿಲ್ಲ. ಆದರೆ ಕೈ ಎತ್ತಿದರೆ ಬೇಡಲು ಏನೂ ತೋಚುತ್ತಿರಲಿಲ್ಲ. ಬರಿಗೈಯನ್ನು ಮುಖಕ್ಕೆ ಸವರಿಕೊಂಡು ಏಳುತ್ತಿದ್ದಳು.

ಈ ರಂಜಾನಿಗೆ ಬೋಜಾನನ ಕೊಡ ಅವನ ತಮ್ಮ ಹಲಫನ ಬೆನ್ನಿಗೇರಿತು.

"ಮೊದಲ ದಿನ ನಾನೇ ಇಳಿಸಿ ಮಾರಿದೆ ಅತ್ತಿಗೆ," ಅಂದ ಹಲಫ್. "ಒಬ್ಬ ಕುಡಿದು, ಕುರಿ ತೊಳೆದ ನೀರೇನಯ್ಯಾ ಇದು, ಅಂತ ಲೋಟ ವಾಪಸ್ ಕೊಟ್ಟ. ನೀವೇ ಕೈ ಹಾಕಬೇಕು."

ಅವಳು ಕೈ ಹಾಕಿದಳು. ನಾರು ನಾದುವಾಗ ಕೈ ತನ್ನದಲ್ಲ ಅನ್ನಿಸಿತು, ಅಷ್ಟೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅದ್ಲೆ ದೊಡ್ಡ ಪಾತ್ರೆ ಹಿಡಿದು ಬಂದಳು. ಹಲಫ್ ಕೊಡ ತುಂಬಿಸುತ್ತಿದ್ದ.

"ಅಕ್ಕಾ, ನಮ್ಮೆಜಮಾನ್ರಿಗೆ ಹೊಟ್ಟೆಯುರಿ. ನಿಮ್ಮ ಶರಬತ್ತೇ ಬೇಕಂತೆ. ಸಂಜೆ ಉಪವಾಸ ಬಿಟ್ಟಾಗ್ಲಿಂದ ಮಲಗೋವರೆಗೂ ಅದೇ. ನಿನ್ನೆಯದು ಸಾಲಲಿಲ್ಲ."

"ಅವರು ರಕ್ತದೊತ್ತಡದ ಮಾತ್ರೆ ತಗೋತಾರಲ್ವಾ?"

"ತಗೋತಾರೆ. ಅದಕ್ಕೂ ಇದಕ್ಕೂ ಏನು?"

ಫೆಹಿಮೆ ಹಲಫನ ಕಡೆ ನೋಡಿದಳು. ಈಗ ಬಾಯಿಬಿಟ್ಟರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಅವನ ವ್ಯಾಪಾರಕ್ಕೆ ಮಣ್ಣು ಬೀಳುತ್ತದೆ, ಗಂಡನನ್ನು ಕೊಂದವಳು ಎಂಬ ಮಾತು ತನಗೆ ಅಂಟುತ್ತದೆ.

"ಕೊಡಲ್ಲ ಅದ್ಲೆ."

"ಅಯ್ಯೋ, ಬೇರು ಬಂಗಾರ ಆಯ್ತಾ? ಉಪವಾಸದ ತಿಂಗಳಲ್ಲೂ ಇಷ್ಟು ಜಿಪುಣತನವಾ?"

"ನಮ್ಮೋರಿಗೆ ಮೂರು ವರ್ಷ ನಾನೇ ಕುಡಿಸಿದೆ. ಉರಿ ಹೋಯ್ತು. ಆಮೇಲೆ ಅವರೂ ಹೋದ್ರು. ಇದರಿಂದಲೂ ಇರಬಹುದು ಅಂದ್ರು ಡಾಕ್ಟರಮ್ಮ. ನಿಮ್ಮೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು."

ಅದ್ಲೆ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಹೊರಟುಹೋದಳು.

ಹಲಫ್ ಕೊಡ ತುಂಬಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ. "ನನಗೂ ಹೇಳಲಿಲ್ಲವಲ್ಲ ಅತ್ತಿಗೆ."

"ಹೇಳಲಿಲ್ಲ."

"ಈಗ ಇದನ್ನೇನು ಮಾಡಲಿ? ಚೆಲ್ಲಲಾ?"

"ಗಟ್ಟಿಮುಟ್ಟಾಗಿರೋರು ಒಂದು ಲೋಟ ಕುಡಿದ್ರೆ ಏನಾಗಲ್ಲ. ರಕ್ತದೊತ್ತಡ ಇದೆಯಾ ಅಂತ ಕೇಳಿ ಕೊಡು. ಒಬ್ಬರಿಗೆ ಒಂದೇ."

"ಶರಬತ್ತು ಮಾರೋನು ಕಾಯಿಲೆ ವಿಚಾರಿಸಿದ್ರೆ ಜನ ನಗ್ತಾರೆ."

"ನಗಲಿ."

ಅವನು ಕೊಡವನ್ನು ಬೆನ್ನಿಗೇರಿಸಿದ. ಅವಳು ಹಿಂದಿನಿಂದ ಪಟ್ಟಿ ಬಿಗಿದಳು. ಮನಸ್ಸು ಹಗುರವಾಗಬಹುದೇನೋ ಎಂದು ಕಾದಳು, ಆಗಲಿಲ್ಲ. ಹಲಫ್ ಅರ್ಧ ತುಂಬಿದ ಕೊಡದೊಂದಿಗೆ, ಹಿತ್ತಿಲ ದಾರಿ ಹಿಡಿಯದೆ ಮುಂದಿನ ಬಾಗಿಲಿಂದಲೇ, ಅದ್ಲೆಯ ಮನೆಯ ಎದುರಿನಿಂದಲೇ ನಡೆದುಹೋದ.