ಬಲಗಾಲಿಯ ಬೀಗ

ನನ್ನ ಸಿಟ್ಟು ಅಪ್ಪನಿಂದ ಬಂದದ್ದು. ಅವನ ಜೀಪು ಮಾತ್ರ ನನಗೆ ಬೇಡವಾಗಿತ್ತು. ಹೈದರಾಬಾದಿನ ಮಾಧಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನನ್ನ ಆಫೀಸಿನ ಹುಡುಗರು ಕೆಲಸಕ್ಕೆ ಸೇರಿದ ವರ್ಷವೇ ಹೊಸ ಕಾರು ತಗೊಳ್ಳುತ್ತಿದ್ದರು. ನಾಚಾರಂನ ನಮ್ಮ ಮನೆಯ ಮುಂದೆ ಮಾತ್ರ ಅದೇ ಹಳೆಯ ಫೋರ್‌ವೀಲ್ ಜೀಪು. ಅಪ್ಪ ಧಾರವಾಡದ ಕಡೆಯಿಂದ ಇಲ್ಲಿನ ರಕ್ಷಣಾ ಕಾರ್ಖಾನೆಯ ನೌಕರಿಗೆ ಬಂದು, ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಬೇರೆಯವರು ಮಾಡಿದ ಭಾಗಗಳನ್ನು ಅಳೆದು ನೋಡಿ "ಪಾಸ್" ಇಲ್ಲವೇ "ರಿಜೆಕ್ಟ್" ಅನ್ನುವುದು ಅವನ ಕೆಲಸ. ಅವ್ವನ ರೊಟ್ಟಿಗೂ ಅದರಿಂದ ವಿನಾಯಿತಿ ಇರಲಿಲ್ಲ.

ನಿವೃತ್ತಿಯ ಮರುವರ್ಷ ಕುತ್ತಿಗೆಯ ನರ ಒತ್ತಿ ಅವನ ಬಲಗೈ ಜೋಮು ಹಿಡಿಯತೊಡಗಿತು. ಚಹದ ಕಪ್ಪು ಜಾರುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಡು ಎಂದು ಅವ್ವನನ್ನು ಕೇಳಲಾರದೆ, "ಇದು ಹೈಟೆಕ್ ಸಿಟಿ ಫ್ಯಾಷನ್" ಎನ್ನುತ್ತ ಟೀ ಶರ್ಟು ಹಾಕತೊಡಗಿದ. ಒಂದು ದಿನ ದಿಲ್‌ಸುಖ್‌ನಗರದ ಗದ್ದಲದಲ್ಲಿ ಸ್ಟೇರಿಂಗು ಕೈತಪ್ಪಿ ಹಣ್ಣಿನ ಬಂಡಿಗೆ ಜೀಪು ತಾಗಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ನಾನು ಮನೆಗೆ ಬಂದವಳೇ ಕೂಗಾಡಿದೆ.

"ಇನ್ನೊಂದ್ ಸಲ ಹಿಂಗ ಏನರ ಆತಂದ್ರ ಕೀಲಿ ನನ್ನ ಕೈಯಾಗ ಕೊಡಬೇಕ ನೋಡಪಾ. ಆಮ್ಯಾಲೆ ನೀ ಜೀಪ್ ಮುಟ್ಟಂಗಿಲ್ಲ."

"ಆತವಾ," ಅಂದ ಅಪ್ಪ, ಗೋಡೆ ನೋಡುತ್ತ. ಅವನು ಅಷ್ಟು ಸುಲಭವಾಗಿ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ. ಆ ಜೀಪು ಹೋದರೆ ಅವನು ಪೇಪರು ಓದುತ್ತ ಮೂಲೆ ಹಿಡಿಯುವ ಮುದುಕನಾಗುತ್ತಾನೆ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕೆಲವು ದಿನ ಬಿಟ್ಟು ಹೊಸ ರಾಗ ತೆಗೆದ. ಜೀಪಿನ ಮುಂದಿನ ಗಾಲಿಗಳಿಗೆ ಕೈಯಿಂದ ತಿರುಗಿಸುವ ಲಾಕಿಂಗ್ ಹಬ್ ಹಾಕಿಸಬೇಕಂತೆ. ನಮ್ಮ ಜೀಪಿನಲ್ಲಿ ಆ ಗಾಲಿಗಳು ಒಳಗಿನ ಆಕ್ಸಲ್ಲಿಗೆ ಸದಾ ಕಚ್ಚಿಕೊಂಡೇ ಇರುತ್ತಿದ್ದವು. ಗಾಲಿ ಉರುಳಿದಾಗಲೆಲ್ಲ ಒಳಗಿನ ಕಬ್ಬಿಣವೂ ಬೇಕಿರಲಿ ಬೇಡವಿರಲಿ ತಿರುಗಬೇಕು, ಸ್ಟೇರಿಂಗು ಬಿಗಿ. ಗಾಲಿಯ ನಡುವೆ ಕೂರುವ ಹೊಸ ಹಬ್ಬಿನ ಮುಖದ ಮೇಲೆ ಅಂಗೈಯಗಲದ ಒಂದು ಬಿಲ್ಲೆ ಇರುತ್ತದೆ. ಅದನ್ನು ಫ್ರೀ ಕಡೆಗೆ ತಿರುಗಿಸಿದರೆ ಗಾಲಿ ಆಕ್ಸಲ್ಲಿನಿಂದ ಬಿಡಿಸಿಕೊಂಡು ಹಗುರಾಗಿ ಓಡುತ್ತದೆ. ಕೆಸರಿನಲ್ಲಿ ನಾಲ್ಕೂ ಗಾಲಿ ಎಳೆಯಬೇಕಾದಾಗ ಇಳಿದು, ಎರಡೂ ಬದಿಯ ಬಿಲ್ಲೆಗಳನ್ನು ಲಾಕ್ ಕಡೆಗೆ ತಿರುಗಿಸಬೇಕು. ಒಂದೇ ಬದಿ ತಿರುಗಿಸಿದರೆ ಏನೂ ಪ್ರಯೋಜನವಿಲ್ಲ. ಎಂಜಿನ್ನಿನ ಜೋರೆಲ್ಲ ಬಿಚ್ಚಿಕೊಂಡಿರುವ ಬದಿಗೆ ಹರಿದುಹೋಗಿ, ಮುಂದಿನ ಎರಡೂ ಗಾಲಿ ತೆಪ್ಪಗೆ ನಿಲ್ಲುತ್ತವೆ.

"ಡೀಸೆಲ್ ಭಾಳ ಉಳೀತೈತಿ," ಅಂದ ಅಪ್ಪ. ಉಳಿಸಿಕೊಳ್ಳಬೇಕಾಗಿದ್ದದ್ದು ಡೀಸೆಲ್ಲನ್ನಲ್ಲ ಎಂದು ತಿಳಿದೂ ನಾನು ಹೂಂ ಅಂದೆ.

ನಾಚಾರಂನ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡೊಂದರಲ್ಲಿ ಆ ಕೆಲಸ ನಡೆಯಿತು. ಹಳೆಯ ಮುಚ್ಚಳ ಬಿಚ್ಚಿ, ಬೇರಿಂಗು ತೊಳೆದು ಹೊಸ ಗ್ರೀಸು ತುಂಬಿ, ಹಬ್ಬು ಕೂರಿಸಿ ಬೋಲ್ಟು ಬಿಗಿಯುವತನಕ ಅಪ್ಪ ಸ್ಟೂಲಿನ ಮೇಲೆ ಕೂತು ಬಾಯಿ ಮುಚ್ಚಲಿಲ್ಲ. "ಸಾಬ್, ಆಪ್ ಸಚ್ಚೀ ರಿಟೈರ್ ಹೋಗಯೇ ಕ್ಯಾ?" ನಿಜಕ್ಕೂ ನಿವೃತ್ತರಾದಿರಾ ಎಂದು ಮೇಸ್ತ್ರಿ ಸ್ಪ್ಯಾನರ್ ಹಿಡಿದ ಕೈಯಲ್ಲೇ ನಮಸ್ಕಾರ ಹಾಕಿದ. ವಾಪಸ್ಸು ಬರುವಾಗ ಸ್ಟೇರಿಂಗು ನಿಜಕ್ಕೂ ಹಗುರಾಗಿತ್ತು. ಅಪ್ಪ ಎಡಗೈಯೊಂದರಿಂದಲೇ ತಿರುವು ತೆಗೆದು ನನ್ನ ಕಡೆ ನೋಡಿದ. ಮುಖದಲ್ಲಿ ಮದುಮಗನ ಕಳೆ!

ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಹುಟ್ಟಿತು. ಕೆಸರು ಕಂಡಲ್ಲಿ ಇಬ್ಬರೂ ಇಳಿಯುವುದು, ಅವನು ಬಲಗಡೆಯ ಬಿಲ್ಲೆ, ನಾನು ಎಡಗಡೆಯದು. ತಿರುಗಿಸಿ "ಲಾಕ್ ಆತು!" ಎಂದು ಗಟ್ಟಿಯಾಗಿ ಕೂಗಬೇಕು. ಆಮೇಲೆ ಅವನು ಸುತ್ತಿ ಬಂದು ನನ್ನದನ್ನು ನೋಡಿ "ಪಾಸ್" ಅನ್ನುತ್ತಿದ್ದ. ಅವನದನ್ನು ಯಾರೂ ನೋಡುತ್ತಿರಲಿಲ್ಲ. ಇನ್‌ಸ್ಪೆಕ್ಟರನ ಕೆಲಸವನ್ನು ತಪಾಸಣೆ ಮಾಡುವ ಎದೆ ನಮ್ಮ ಮನೆಯಲ್ಲಿ ಯಾರಿಗಿತ್ತು?

ಮಳೆಗಾಲದ ಒಂದು ಭಾನುವಾರ, ಶಂಕರಪಲ್ಲಿಯ ಕಡೆ ನಾನು ತಗೊಂಡಿದ್ದ ಪ್ಲಾಟು ನೋಡಲು ಹೊರಟೆವು. ಆಗಿನ ಹೈದರಾಬಾದಿನಲ್ಲಿ ಭಾನುವಾರ ಪ್ಲಾಟು ನೋಡಲು ಹೋಗುವುದೆಂದರೆ ದೇವರಿಗೆ ಹೋದ ಹಾಗೆ. ಹಿಂದಿನ ಸೀಟಿನಲ್ಲಿ ಅವ್ವ, ಅವಳ ಮಡಿಲಲ್ಲಿ ರೊಟ್ಟಿ ಬುತ್ತಿ. ಲೇಔಟಿನ ಒಳಗೆ ರಸ್ತೆ ಅನ್ನುವುದು ನಕ್ಷೆಯಲ್ಲಿ ಮಾತ್ರ ಇತ್ತು, ಕೆಳಗೆ ಬರೀ ಎರೆಮಣ್ಣು. ಬಣ್ಣ ಬಳಿದ ಗಡಿಕಲ್ಲುಗಳ ನಡುವೆ ಹಿಂದಿನ ಗಾಲಿಗಳು ಹೂತು ನಿಂತವು.

ಇಬ್ಬರೂ ಇಳಿದೆವು. ನಾನು ನನ್ನ ಬಿಲ್ಲೆ ತಿರುಗಿಸಿ ಕೂಗಿದೆ. ಬಲಗಡೆಯಿಂದ ಉತ್ತರ ಬರಲು ತಡವಾಯಿತು. ಏನು ಮಾಡುತ್ತಿದ್ದಾನೋ ಎಂದುಕೊಳ್ಳುವಷ್ಟರಲ್ಲಿ "ಲಾಕ್ ಆತು!" ಕೇಳಿಸಿತು. ಅವನು ನನ್ನ ಬದಿಗೆ ನೋಡಲು ಬರಲಿಲ್ಲ, ನೇರ ಹತ್ತಿ ಕೂತು ಫೋರ್‌ವೀಲ್ ಗೇರು ಎಳೆದ. ಹಿಂದಿನ ಗಾಲಿಗಳು ಅರಚುತ್ತ ಕೆಸರು ಎರಚಿದವು. ಮುಂದಿನವು ಅಲುಗಲಿಲ್ಲ.

"ಏನ್ರೀ ಇದು? ಹಬ್ಬು ಹಾಕ್ಸಿ ಹಬ್ಬಾ ಮಾಡಿದ್ರಲ್ಲಾ!" ಎಂದು ಅವ್ವ ಒಳಗಿಂದ ಶುರು ಮಾಡಿದಳು.

ನನ್ನದು ಸರಿಯಾಗಿ ಕೂತಿತ್ತು. ಹಾಗಾದರೆ ಉಳಿದದ್ದು ಒಂದೇ. ಆವತ್ತು ಮೊದಲ ಸಲ ನಾನು ಜೀಪು ಸುತ್ತಿ ಅಪ್ಪನ ಬದಿಗೆ ಹೋದೆ. ಬಿಲ್ಲೆಯ ಗುರುತು ಫ್ರೀಗೂ ಲಾಕಿಗೂ ನಡುವೆ ನಿಂತಿತ್ತು. ಸುತ್ತ ಕೆಸರಿನ ಮೇಲೆ ಅವನ ಬೆರಳುಗಳು ಜಾರಿ ಜಾರಿ ಎಳೆದ ಗೆರೆಗಳು. ನಾನು ಕೈ ಹಾಕಿದೆ. ಎರಡೇ ಬೆರಳಿಗೆ ಟಕ್ಕೆಂದು ತಿರುಗಿತು. ಅಷ್ಟು ಸಲೀಸಾಗಿ ತಿರುಗಬಾರದಾಗಿತ್ತು, ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

"ಆಗಿಲ್ಲಂತ ಹೇಳಾಕ ಏನಾಗಿತ್ತು ನಿನಗ? ಹೋಗ್ಲಿ, ಎಡಗೈಲೆ ತಿರುವಬೇಕಿತ್ತಲ್ಲಾ!" ಎಂದು ಕಿಟಕಿಯ ಹತ್ತಿರ ಹಲ್ಲು ಕಚ್ಚಿ ಪಿಸುಗುಟ್ಟಿದೆ.

ಅಪ್ಪ ಸ್ಟೇರಿಂಗಿನ ಮೇಲಿದ್ದ ತನ್ನ ಕೆಸರುಗೈ ನೋಡಿದ. "ಎಡಗೈಲೆ ಮಾಡಿದ ಕೆಲಸಾ ನಾ ಯಾವತ್ತೂ ಪಾಸ್ ಮಾಡಿಲ್ಲವಾ," ಅಂದ.

"ಏನಾತ? ಯಾರ ಕಡೀದು ಬಿಟ್ಟಿತ್ತು?" ಅವ್ವ ಕುತ್ತಿಗೆ ಚಾಚಿದಳು. ನಾನು ಹಾಕಿದ್ದ ಕಟ್ಟಳೆ ಅವಳಿಗೂ ಗೊತ್ತು. ಹೇಳಿದರೆ ಕೀಲಿ ಇಸಿದುಕೊಳ್ಳಬೇಕು. ಕೂಗಾಡುವಾಗ ಇದ್ದ ಧೈರ್ಯ ಈಗ ಎಲ್ಲಿ ಹೋಗಿತ್ತೋ.

"ನಂದ ಸರಿ ಕೂತಿದ್ದಿಲ್ಲವ್ವಾ," ಅಂದುಬಿಟ್ಟೆ.

"ಏ!" ಅಪ್ಪ ಗದರಿದ. ಕಾರ್ಖಾನೆಯ ದನಿ, ಬಹಳ ದಿನಗಳಿಂದ ಕೇಳಿರಲಿಲ್ಲ. "ಖೊಟ್ಟಿ ರಿಪೋರ್ಟ್ ಕೊಡಬ್ಯಾಡ. ಬಲಗಡೀದು ರಿಜೆಕ್ಟ್. ಮಾಡಿದಾಂವಾ ನಾನು, ಪಾಸ್ ಅಂದಾಂವನೂ ನಾನು."

ಅಪ್ಪ ಎಂಜಿನ್ ಚಾಲೂ ಇಟ್ಟೇ ಕೆಳಗಿಳಿದ. ಬಾಗಿಲು ಹಿಡಿದು, ನನಗೆ ಹತ್ತು ಎಂದು ಕಣ್ಣಲ್ಲೇ ಹೇಳಿ, ಕೆಸರಿನಲ್ಲಿ ಕಾಲೆಳೆಯುತ್ತ ಸುತ್ತಿ ಹೋಗಿ ಎಡಗಡೆಯ ಸೀಟಿನಲ್ಲಿ ಕೂತ. ನಾನು ಕ್ಲಚ್ಚು ಬಿಟ್ಟೆ. ನಾಲ್ಕೂ ಗಾಲಿ ಕಚ್ಚಿದವು, ಜೀಪು ತಣ್ಣಗೆ ಮೇಲೆ ಬಂತು. "ಸೆಕೆಂಡಿಗೆ ಹಾಕ. ಹಾಂ. ಎಕ್ಸಲೇಟರ್ ಬಿಡಬ್ಯಾಡ," ಎಂದಷ್ಟೇ ಅಂದ.

ಪ್ಲಾಟು ನೋಡಲಿಲ್ಲ. ಡಾಂಬರು ರಸ್ತೆ ಸಿಕ್ಕ ಮೇಲೆ ಎರಡೂ ಬಿಲ್ಲೆಗಳನ್ನು ನಾನೇ ಇಳಿದು ಫ್ರೀ ಕಡೆಗೆ ತಿರುಗಿಸಿದೆ. ದಾರಿಯುದ್ದಕ್ಕೂ ಅಡ್ಡ ಬಂದ ಆಟೋದವರನ್ನೆಲ್ಲ ಬೈದೆ, ಬೇರೆ ಯಾರನ್ನು ಬೈಯಬೇಕೋ ತಿಳಿಯದೆ. ಅಪ್ಪ ತಕರಾರೆತ್ತಲಿಲ್ಲ. ಸನತ್‌ನಗರ ದಾಟುವಾಗ ನೋಡಿದರೆ ಬಲಗೈಯನ್ನು ಎಡಗೈಯಲ್ಲಿಟ್ಟುಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದ. ಆ ಜೀಪಿನಲ್ಲಿ ಅವನು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವ್ವ ಹಿಂದಿನಿಂದ ನನ್ನ ಭುಜ ಮುಟ್ಟಿದಳು. "ಸಾವಕಾಶ ಹೊಡೀ. ಎಚ್ಚರಾದ್ರ ಮತ್ತ ಕೀಲಿ ಕೇಳ್ತಾರ."

ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ. ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.