ಅರಗು ಹಾಕಿದ ಕೊನೆಯ ಅಧ್ಯಾಯ

ನಮ್ಮ ದೊಡ್ಡಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವರು. ಪತ್ತೇದಾರಿ ಕಾದಂಬರಿಯೆಂದರೆ ಜೀವ ಬಿಡುತ್ತಿದ್ದರು. "ಮನೇಲಿ ಕೊಲೆ ಆದ್ರೆ ಮಾತ್ರ ಈ ಮನುಷ್ಯ ತಲೆ ಎತ್ತಿ ನೋಡೋದು" ಎಂದು ದೊಡ್ಡಮ್ಮ ಬದುಕಿರುವವರೆಗೂ ಗೊಣಗಿದಳು.

ಅವರಂಥ ಹುಚ್ಚರು ಇನ್ನೂ ಮೂವರಿದ್ದರು: ದರ್ಜಿ, ಕಂಡಕ್ಟರ್, ಗಣಿತದ ಮೇಷ್ಟ್ರು. ಬಾಡಿಗೆ ಲೈಬ್ರರಿಯ ಪುಸ್ತಕಗಳಲ್ಲಿ ಯಾರೋ ಪುಣ್ಯಾತ್ಮ ಮೊದಲ ಪುಟದಲ್ಲೇ "ಕೊಂದವನು ಅಡುಗೆಯವನು" ಎಂದು ಗೀಚಿಡುತ್ತಿದ್ದ. ರೋಸಿಹೋಗಿ ನಾಲ್ವರೂ ತಾವೇ ಪುಸ್ತಕ ಕೊಳ್ಳತೊಡಗಿದರು. ದೊಡ್ಡಪ್ಪ ಪ್ರತಿಯೊಂದರ ಕೊನೆಯ ಅಧ್ಯಾಯ ಬಿಚ್ಚಿ, ಲಕೋಟೆಗೆ ಹಾಕಿ ಅರಗು ಒತ್ತುವರು. ಕೊಲೆಗಾರ ಯಾರೆಂದು ಊಹಿಸಿ ಚೀಟಿ ಬರೆದವರಿಗಷ್ಟೇ ಲಕೋಟೆ. ತಮ್ಮ ಕಣ್ಣಿಗೂ ಒಂದಕ್ಷರ ಬೀಳಬಾರದೆಂದು ಹಾಳೆಗಳ ಮೇಲೆ ಬಟ್ಟೆ ಹೊದಿಸಿಯೇ ಬಿಚ್ಚುತ್ತಿದ್ದರು.

ದರ್ಜಿ ಹೋದ, ಕಂಡಕ್ಟರ್ ಹೋದ. ಉಳಿದಿಬ್ಬರು ಎರಡು ಪುಸ್ತಕ ಕೊಂಡು ಹಂಚಿಕೊಂಡರು. ಮೇಷ್ಟ್ರು ತಮ್ಮದನ್ನು ತೆರೆಯುವ ಮೊದಲೇ ತೀರಿಕೊಂಡರು. ದೊಡ್ಡಪ್ಪನ ಪಾಲಿನದರಲ್ಲಿ ಸತ್ತವನ ಎಡಗೈಯ ಗಾಯವೊಂದು ಯಾವ ಲೆಕ್ಕಕ್ಕೂ ಕೂಡಿಬರಲಿಲ್ಲ. ಹನ್ನೊಂದು ವರ್ಷ ಚೀಟಿ ಬರೆಯಲಿಲ್ಲ, ಲಕೋಟೆ ಒಡೆಯಲಿಲ್ಲ. ಇದೆಂಥ ಹಟವೋ ದೇವರೇ ಬಲ್ಲ!

ಈ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನ ಕೈ ಹಿಡಿದು, "ಗಡಿಯಾರ ರಿಪೇರಿಯವನು. ಚೀಟಿ ಬರಿ ಮಗಳೇ. ಈಗ ಒಡಿ" ಎಂದರು. ಗೊತ್ತಾಗದೆ ಸಾಯುವುದೊಂದೇ ಅವರಿಗಿದ್ದ ಭಯ.

ಒಡೆದೆ. ಒಳಗೆ ಹಡಗು, ಕ್ಯಾಪ್ಟನ್, ಸಮುದ್ರ! ಗಡಿಯಾರದ ಸುಳಿವೇ ಇಲ್ಲ. ಬಟ್ಟೆ ಮುಚ್ಚಿ ಬಿಚ್ಚಿದ್ದರಲ್ಲ, ಮೇಷ್ಟ್ರ ಪುಸ್ತಕದ ಲಕೋಟೆಯ ಜೊತೆ ಅದಲುಬದಲಾಗಿತ್ತು. "ಹಾಳೆ ಅಂಟಿಕೊಂಡಿದೆ, ಬಿಡಿಸ್ಕೊಂಡು ಬರ್ತೀನಿ" ಎಂದು ಹೊರಗೋಡಿದೆ.

ಮೇಷ್ಟ್ರ ಮನೆಗೆ ಹೋದೆ. ಅವರ ಸೊಸೆ, "ಅಯ್ಯೋ, ಅದೆಲ್ಲಾ ಆವತ್ತೇ ರದ್ದಿಗೆ ಹಾಕಿಬಿಟ್ವಿ" ಎಂದಳು. ಹಳೆಯ ಪುಸ್ತಕದಂಗಡಿಗಳಲ್ಲಿ ಧೂಳು ಕುಡಿದೆ. ಪ್ರಕಾಶಕರ ವಿಳಾಸದಲ್ಲಿ ಚಪ್ಪಲಿ ಅಂಗಡಿಯಿತ್ತು. ಮೂರು ದಿನ ನಾಯಿಯಂತೆ ಅಲೆದೆ. ಸಿಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅವರ ಉಸಿರು ಕೊರಳಲ್ಲಿ ಗೊರಗೊರ ಎನ್ನುತ್ತಿತ್ತು. ಕಣ್ಣು ನನ್ನ ಮೇಲೇ.

"ನೀವು ಹೇಳಿದವನೇ, ದೊಡ್ಡಪ್ಪ. ಗಡಿಯಾರದವನೇ" ಎಂದೆ.

ಆ ಮುಖ ಅರಳಿದ್ದನ್ನು ನೋಡಿ ನನಗೆ ಅಳು ಬಂತು.

"ಹೌದಾ? ಮತ್ತೆ ಎಡಗೈ ಗಾಯ? ಅದು ಹೆಂಗಾಯ್ತಂತೆ?"

ಹನ್ನೊಂದು ವರ್ಷ ಆ ಪುಸ್ತಕ ನಮ್ಮ ಮನೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಕೂತು ಓದಿದ್ದರೆ ಏನಾದರೂ ಕಟ್ಟಿ ಹೇಳಬಹುದಿತ್ತು. ಅವರ ಹಟವನ್ನು ಗೇಲಿ ಮಾಡಿದ್ದೇ ಬಂತು.

"ಏನೋ... ಗಾಜು ತಾಗಿ..." ಎಂದು ತಡವರಿಸಿದೆ.

"ಆ ಕಥೇಲಿ ಗಾಜೇ ಇಲ್ಲ ಕಣೇ" ಎಂದರು. ಸಿಟ್ಟಿಲ್ಲ, ಬರೀ ಸುಸ್ತು. "ನೀನೂ ಓದಿಲ್ಲ."

ಕೈ ಬಿಟ್ಟು ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟರು. ಮತ್ತೆ ನನ್ನ ಕಡೆ ತಿರುಗಲಿಲ್ಲ.